ಫ್ರೆಟ್ ಎಲ್ಲಿ ಕೂರಬೇಕು? ಗಿಟಾರಿನ ಶ್ರುತಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲಿಗೆ ಎರಡು ಮಾತು. ಕೆಳಗೆ ಸೆಂಟ್ ಎಂಬ ಅಳತೆ ಮತ್ತೆ ಮತ್ತೆ ಬರುತ್ತದೆ. ಒಂದು ಸ್ಥಾಯಿಯನ್ನು 1200 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಸೆಂಟ್. ಗಿಟಾರಿನ ಕತ್ತಿನ ಮೇಲಿರುವ ಅಡ್ಡ ಕಡ್ಡಿಗಳೇ ಫ್ರೆಟ್‌ಗಳು. ಪಕ್ಕಪಕ್ಕದ ಎರಡು ಫ್ರೆಟ್‌ಗಳ ನಡುವಿನ ಅಂತರ 100 ಸೆಂಟ್. ತಂತಿ ಕತ್ತಿನ ತುದಿಯಲ್ಲಿ ಕೂರುವ ಪಟ್ಟಿ ನಟ್, ಹೊಟ್ಟೆಯ ಮೇಲೆ ಕೂರುವ ಪಟ್ಟಿ ಸ್ಯಾಡಲ್. ಬೇರೆ ಹೇಳದಿದ್ದರೆ ಉದ್ದದ ಲೆಕ್ಕಗಳೆಲ್ಲ ನಟ್‌ನಿಂದ ಸ್ಯಾಡಲ್‌ವರೆಗೆ 650 ಮಿಲಿಮೀಟರ್ ತಂತಿ ಇರುವ ಕ್ಲಾಸಿಕಲ್ ಗಿಟಾರಿಗೆ ಸೇರಿದವು.

ಟ್ಯೂನರ್‌ನಲ್ಲಿ ಆರೂ ತಂತಿ ಹಸಿರು ತೋರಿಸುತ್ತವೆ. ಆದರೂ ಇ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒರಟಾಗಿ ಕೇಳುತ್ತದೆ. ಗಿಟಾರ್ ಕೆಟ್ಟಿದೆಯೇ?

ಬಹುಶಃ ಇಲ್ಲ. ನಿಮ್ಮ ಕಿವಿ ಚೆನ್ನಾಗಿದೆ ಎಂದಷ್ಟೇ ಅರ್ಥ.

ಇ ಮೇಜರ್ ಹಿಡಿದಾಗ ಜಿ ತಂತಿಯ ಮೊದಲ ಫ್ರೆಟ್‌ನಲ್ಲಿ ಜಿ ಶಾರ್ಪ್ ಬರುತ್ತದೆ. ಕೆಳಗಿನ ಇ ಸ್ವರವನ್ನು ಷಡ್ಜ ಎಂದುಕೊಂಡರೆ ಇದು ಅಂತರ ಗಾಂಧಾರ. ಪ್ರಕೃತಿಯಲ್ಲಿ ಈ ಗಾಂಧಾರ 5:4ರ ಅನುಪಾತದಲ್ಲಿ, ಅಂದರೆ 386 ಸೆಂಟ್‌ನಲ್ಲಿ ಕೂರುತ್ತದೆ. ತಂಬೂರಿಯ ಮಂದ್ರ ತಂತಿಯನ್ನು ಮೀಟಿ ಕಿವಿಗೊಟ್ಟರೆ ತಾನಾಗಿ ಕೇಳುವ ಸ್ವಯಂಭೂ ಗಾಂಧಾರ ಇದೇ. ಗಿಟಾರಿನ ಫ್ರೆಟ್ ಕೊಡುವುದು 400 ಸೆಂಟ್. ಸುಮಾರು 14 ಸೆಂಟ್ ಏರು.

ಇದನ್ನು ಕಿವಿಯಿಂದಲೇ ಹಿಡಿಯಬಹುದು. ದಪ್ಪ ಇ ತಂತಿಯ ಕಂಪನ ಸೆಕೆಂಡಿಗೆ 82.41. ಅದರ ಐದನೆಯ ಹಾರ್ಮೋನಿಕ್, ಅಂದರೆ ಐದು ಪಟ್ಟು ಕಂಪನದ ಉಪಸ್ವರ, 412.03. ಜಿ ಶಾರ್ಪ್‌ನ ಕಂಪನ 207.65, ಅದರ ಎರಡನೆಯ ಹಾರ್ಮೋನಿಕ್ 415.30. ಇವೆರಡೂ ಒಂದರ ಮೇಲೊಂದು ಬಿದ್ದಾಗ ಸೆಕೆಂಡಿಗೆ ಮೂರಕ್ಕೂ ತುಸು ಹೆಚ್ಚು ಬಾರಿ ದನಿ ಏರಿಳಿಯುತ್ತದೆ. ಈ ಎರಡು ತಂತಿಗಳನ್ನು ಮಾತ್ರ ಒಟ್ಟಿಗೆ ಮೀಟಿ, ನಾದ ಅಡಗುವವರೆಗೆ ಕಾಯಿರಿ. ನಡುಗುವ ಆ ಅಲೆ ಕೇಳಿಸುತ್ತದೆ. ನೀವು ಒರಟು ಎನ್ನುತ್ತಿರುವುದು ಅದನ್ನೇ. ಎಲೆಕ್ಟ್ರಿಕ್ ಗಿಟಾರಿನ ದನಿಯನ್ನು ಒಡೆದು ಗರಗರ ಎನಿಸುವ ಡಿಸ್ಟಾರ್ಷನ್ ಹಾಕಿದರೆ ಇನ್ನೂ ಎದ್ದು ಕೇಳುತ್ತದೆ. ಜೋರು ಡಿಸ್ಟಾರ್ಷನ್ ಇಟ್ಟು ನುಡಿಸುವವರು ಮೂರನೆಯ ಸ್ವರವನ್ನೇ ಬಿಟ್ಟು ಬರೀ ಷಡ್ಜ ಪಂಚಮಗಳ ಪವರ್ ಕಾರ್ಡ್ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಫ್ರೆಟ್ ಕೊಡುವ ಪಂಚಮದಲ್ಲಿ ತಪ್ಪು ಎರಡು ಸೆಂಟ್ ಮಾತ್ರ.

ಹಾಗಾದರೆ ಜಿ ತಂತಿಯನ್ನು ಕೊಂಚ ಇಳಿಸಿಕೊಂಡರೆ ಆಯಿತಲ್ಲ?

ಇ ಮೇಜರ್‌ಗೆ ಆಯಿತು. ಜಿ ಶಾರ್ಪ್ 206.02ಕ್ಕೆ ಬರುವಷ್ಟು ಇಳಿಸಿದರೆ ಇ ಕಾರ್ಡ್ ಬಲು ಇಂಪಾಗುತ್ತದೆ. ಆದರೆ ಅದೇ ತಂತಿಯನ್ನು ಖಾಲಿ ಬಿಟ್ಟಾಗ 196ರ ಬದಲು 194.46 ಬರುತ್ತದೆ. ಈಗ ಜಿ ಮೇಜರ್ ಹಿಡಿಯಿರಿ. ಅದರಲ್ಲಿ ದಪ್ಪ ತಂತಿಯ ಮೂರನೆಯ ಫ್ರೆಟ್‌ನ ಜಿ ಮತ್ತು ಖಾಲಿ ಜಿ ತಂತಿಯ ನಡುವೆ ಶುದ್ಧ ಸ್ಥಾಯಿ ಇರಬೇಕಿತ್ತು. ಅದು ಸೆಕೆಂಡಿಗೆ ಒಂದೂವರೆ ಬಾರಿ ಅಲೆಯುತ್ತದೆ. ಸಿ ಮೇಜರ್‌ನಲ್ಲಿ ಖಾಲಿ ಜಿ ಪಂಚಮವಾಗಿ ಬರುತ್ತದೆ, ಅಲ್ಲಿ ಅಲೆಯ ವೇಗ ಮೂರೂವರೆ. ಗಾಂಧಾರ ಅಷ್ಟಿಷ್ಟು ಏರಿದ್ದರೆ ಕಿವಿ ಸಹಿಸುತ್ತದೆ. ಸ್ಥಾಯಿ, ಪಂಚಮಗಳು ಅಲ್ಲಾಡಿದರೆ ಸಹಿಸುವುದಿಲ್ಲ.

ಕಾರ್ಡ್ ಹಿಡಿದು ಕಿವಿಯಿಂದ ಶ್ರುತಿ ಮಾಡುವ ಹೊಸಬರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಇ ಹಿಡಿದು ಜಿ ತಂತಿ ಇಳಿಸುತ್ತಾರೆ, ಸಿ ಹಿಡಿದು ಏರಿಸುತ್ತಾರೆ, ಮತ್ತೆ ಇಳಿಸುತ್ತಾರೆ. ಈ ಓಡಾಟಕ್ಕೆ ಕೊನೆಯಿಲ್ಲ. ಇಡೀ ಹಾಡು ಇ ಮೇಜರ್ ಮತ್ತು ಅದರ ಅಕ್ಕಪಕ್ಕದಲ್ಲೇ ಸುತ್ತುವುದಾದರೆ ಆ ಹಾಡಿಗಾಗಿ ಜಿ ತಂತಿಯನ್ನು ನಾಲ್ಕೈದು ಸೆಂಟ್ ಇಳಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಸ್ಟುಡಿಯೋದಲ್ಲಿ ಹಾಡಿನ ಒಂದೊಂದು ಭಾಗಕ್ಕೂ ಬೇರೆ ಬೇರೆ ಶ್ರುತಿ ಮಾಡಿ ಧ್ವನಿಮುದ್ರಿಸುವವರೂ ಇದ್ದಾರೆ.

ಐದು ಮತ್ತು ಏಳನೆಯ ಫ್ರೆಟ್‌ನ ಹಾರ್ಮೋನಿಕ್ ಹೊಂದಿಸಿ ಶ್ರುತಿ ಮಾಡುವುದು ಟ್ಯೂನರ್‌ಗಿಂತ ನಿಖರ ಎನ್ನುತ್ತಾರೆ. ನಿಜವೇ?

ನಿಖರವೇ, ಆದರೆ ಗಿಟಾರಿಗೆ ಹೊಂದದ ನಿಖರತೆ ಅದು. (ಫ್ರೆಟ್‌ನ ನೇರಕ್ಕೆ ತಂತಿಯನ್ನು ಒತ್ತದೆ ಬರೀ ಬೆರಳು ತಾಗಿಸಿ ಮೀಟಿದಾಗ ಕೇಳುವ ಉಪಸ್ವರವೇ ಇಲ್ಲಿ ಹಾರ್ಮೋನಿಕ್.) ದಪ್ಪ ಇ ತಂತಿಯ ಐದನೆಯ ಫ್ರೆಟ್‌ನ ಹಾರ್ಮೋನಿಕ್‌ಗೆ ಎ ತಂತಿಯ ಏಳನೆಯ ಫ್ರೆಟ್‌ನ ಹಾರ್ಮೋನಿಕ್ ಹೊಂದಿಸಿದಾಗ ನಿಮಗೆ ಸಿಗುವುದು 4:3ರ ಶುದ್ಧ ಮಧ್ಯಮ, 498 ಸೆಂಟ್. ಫ್ರೆಟ್‌ಗಳು ಬಯಸುವುದು 500. ಎ, ಡಿ, ಜಿ ಎಂದು ಮೂರು ಹೆಜ್ಜೆ ನಡೆದಾಗ ಜಿ ತಂತಿ ಸುಮಾರು ಆರು ಸೆಂಟ್ ಇಳಿದಿರುತ್ತದೆ. ಇನ್ನು ಬಿ ತಂತಿಯನ್ನು ದಪ್ಪ ಇ ತಂತಿಯ ಏಳನೆಯ ಫ್ರೆಟ್‌ನ ಹಾರ್ಮೋನಿಕ್‌ಗೆ ಹೊಂದಿಸುವುದು ವಾಡಿಕೆ. ಅದು ಎರಡು ಸೆಂಟ್ ಏರಿರುತ್ತದೆ. ಕೊನೆಗೆ ಜಿ ಮತ್ತು ಬಿ ತಂತಿಗಳ ನಡುವೆ 408 ಸೆಂಟ್! ಮೊದಲೇ ಏರಿದ್ದ ಗಾಂಧಾರಕ್ಕೆ ಇನ್ನೂ ಎಂಟು ಸೆಂಟ್ ಸೇರಿಸಿದಂತಾಯಿತು. ಟ್ಯೂನರ್ ಇಲ್ಲದಿದ್ದರೆ ಎಲ್ಲ ತಂತಿಗಳನ್ನೂ ಒಂದೇ ತಂತಿಗೆ ಹೋಲಿಸಿ, ಒತ್ತಿ ಹಿಡಿದ ಸ್ವರಗಳಿಂದ ಶ್ರುತಿ ಮಾಡುವುದು ಮೇಲು.

ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಲೇಬೇಕೇ? ಶುದ್ಧ ಸ್ವರಗಳ ಜಾಗದಲ್ಲೇ ಫ್ರೆಟ್ ಕೂರಿಸಬಾರದೇ?

ಈ ಪುಟದ ಮುಖ್ಯ ಪ್ರಶ್ನೆ ಇದೇ, ಆದ್ದರಿಂದ ಉತ್ತರ ಸ್ವಲ್ಪ ಉದ್ದ.

ಶುದ್ಧ ಪಂಚಮಗಳನ್ನು ಒಂದರ ಮೇಲೊಂದು ಹನ್ನೆರಡು ಬಾರಿ ಪೇರಿಸಿದರೆ ಏಳು ಸ್ಥಾಯಿ ದಾಟಿ ಹೊರಟ ಸ್ವರಕ್ಕೇ ಮರಳಬೇಕಿತ್ತು. ಮರಳುವುದಿಲ್ಲ. 23.5 ಸೆಂಟ್ ಮುಂದೆ ಹೋಗಿರುತ್ತದೆ. ಶುದ್ಧ ಪಂಚಮಗಳಿಂದ ಹುಟ್ಟುವ ಗಾಂಧಾರಕ್ಕೂ 5:4ರ ಗಾಂಧಾರಕ್ಕೂ 21.5 ಸೆಂಟ್ ವ್ಯತ್ಯಾಸ. ಈ ಉಳಿಕೆಗಳಿಗೆ ಕಾಮಾ ಎನ್ನುತ್ತಾರೆ. ಇವನ್ನು ಅಳಿಸಲಾಗದು, ಎಲ್ಲಿಗಾದರೂ ತಳ್ಳಬಹುದು ಅಷ್ಟೇ. ಎಲ್ಲಿಗೆ ತಳ್ಳಬೇಕು ಎಂಬ ತೀರ್ಮಾನಕ್ಕೇ ಟೆಂಪರಮೆಂಟ್ ಎಂದು ಹೆಸರು. ಹನ್ನೆರಡು ಸ್ವರಗಳಿಗೂ ಸಮನಾಗಿ ಹಂಚಿದರೆ ಈಕ್ವಲ್ ಟೆಂಪರಮೆಂಟ್, ನಾವು ಇಲ್ಲಿ ಸಮಪಾಲು ಶ್ರುತಿ ಎನ್ನೋಣ.

ಹಾರ್ಪ್ಸಿಕಾರ್ಡ್, ಆರ್ಗನ್‌ನಂಥ ಕೀಬೋರ್ಡ್ ವಾದ್ಯಗಳಲ್ಲಿ ಪ್ರತಿ ಸ್ವರಕ್ಕೂ ಬೇರೆ ತಂತಿ, ಬೇರೆ ಕೊಳವೆ. ಶ್ರುತಿ ಮಾಡುವವನು ಒಂದೊಂದನ್ನೂ ತನಗೆ ಬೇಕಾದಂತೆ ಏರಿಸಿ ಇಳಿಸಬಹುದು. ಯುರೋಪಿನಲ್ಲಿ ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಮೀನ್‌ಟೋನ್ ಎಂಬ ಶ್ರುತಿ ಚಾಲ್ತಿಯಲ್ಲಿತ್ತು. ಅದರಲ್ಲಿ ಗಾಂಧಾರಗಳು ಶುದ್ಧ. ಅದಕ್ಕೆ ತೆತ್ತ ಬೆಲೆ, ಎಲ್ಲ ಅರ್ಧಸ್ವರಗಳೂ ಒಂದೇ ಗಾತ್ರದವಲ್ಲ. ಇ ಇಂದ ಎಫ್‌ಗೆ 117 ಸೆಂಟ್, ಜಿ ಇಂದ ಜಿ ಶಾರ್ಪ್‌ಗೆ 76 ಸೆಂಟ್. ಕೀಬೋರ್ಡಿನಲ್ಲಿ ಇದು ತೊಡಕಲ್ಲ. ಇದನ್ನೇ ಗಿಟಾರಿನ ಮೊದಲ ಫ್ರೆಟ್‌ಗೆ ತನ್ನಿ. ಇ ತಂತಿಯಲ್ಲಿ ಎಫ್ ಬರಬೇಕಾದರೆ ಫ್ರೆಟ್ ನಟ್‌ನಿಂದ 42.5 ಮಿಲಿಮೀಟರ್ ದೂರದಲ್ಲಿರಬೇಕು. ಜಿ ತಂತಿಯಲ್ಲಿ ಜಿ ಶಾರ್ಪ್ ಬರಬೇಕಾದರೆ 27.9 ಮಿಲಿಮೀಟರ್‌ನಲ್ಲಿ. ಒಂದೇ ಫ್ರೆಟ್, ಎರಡು ಜಾಗ, ನಡುವೆ ಒಂದೂವರೆ ಸೆಂಟಿಮೀಟರ್ ಅಂತರ. ನೇರವಾದ ಒಂದು ಲೋಹದ ಕಡ್ಡಿ ಎರಡೂ ಕಡೆ ಇರಲಾರದು.

ನೇರ ಫ್ರೆಟ್ ಆರೂ ತಂತಿಗಳಿಗೆ ಒಂದೇ ಗಾತ್ರದ ಹೆಜ್ಜೆ ಹಾಕಿಸುತ್ತದೆ. ಆದ್ದರಿಂದಲೇ ಫ್ರೆಟ್ ಇರುವ ವಾದ್ಯಗಳು ಕೀಬೋರ್ಡುಗಳಿಗಿಂತ ಬಹಳ ಮೊದಲೇ ಸಮಪಾಲಿನತ್ತ ವಾಲಿದವು. ಖಗೋಳ ವಿಜ್ಞಾನಿ ಗೆಲಿಲಿಯೋನ ತಂದೆ ವಿನ್ಚೆಂಜೊ ಗೆಲಿಲಿ ಫ್ಲಾರೆನ್ಸಿನಲ್ಲಿ ಲ್ಯೂಟ್ ಎಂಬ ತಂತಿವಾದ್ಯದ ವಾದಕ. 1581ರಲ್ಲೇ ಆತ ಒಂದೊಂದು ಫ್ರೆಟ್‌ಗೂ 18:17ರ ಅನುಪಾತ ಸಾಕೆಂದು ಬರೆದ. ಚೀನಾದಲ್ಲಿ ಮಿಂಗ್ ರಾಜಮನೆತನದ ಝು ಝೈಯು 1584ರಲ್ಲಿ 2ರ ಹನ್ನೆರಡನೆಯ ಮೂಲವನ್ನು ಲೆಕ್ಕ ಹಾಕಿ ಕರಾರುವಾಕ್ಕಾದ ಸಮಪಾಲನ್ನು ಕೊಟ್ಟ.

ಅಂದಿನ ಲ್ಯೂಟ್‌ಗಳಲ್ಲಿ ಫ್ರೆಟ್ ಎಂದರೆ ಕತ್ತಿಗೆ ಸುತ್ತಿ ಕಟ್ಟಿದ ಕರುಳಿನ ದಾರ. ನುಡಿಸುವವನು ಅದನ್ನು ಹಿಂದೆ ಮುಂದೆ ಜರುಗಿಸಿಕೊಳ್ಳುತ್ತಿದ್ದ. ಕೆಲವರು ಒಂದೆರಡು ತಂತಿಗಳಿಗೆ ಮಾತ್ರ ಚಿಕ್ಕ ಫ್ರೆಟ್ ಚೂರುಗಳನ್ನು ಅಂಟಿಸಿಕೊಂಡರು, ಇಟಲಿಯವರು ಅದಕ್ಕೆ ಟಾಸ್ಟಿನಿ ಎಂದರು. ಲೋಹದ ಫ್ರೆಟ್ ಮರದೊಳಗೆ ಇಳಿದ ಮೇಲೆ ನುಡಿಸುವವನ ಕೈಯಲ್ಲಿದ್ದ ಆ ಆಯ್ಕೆ ತಯಾರಕನ ಕೈಗೆ ಹೋಯಿತು.

ಫ್ರೆಟ್‌ಗಳ ಜಾಗವನ್ನು ಲೆಕ್ಕ ಹಾಕುವುದು ಹೇಗೆ?

ತಂತಿಯ ಉದ್ದವನ್ನು 17.817ರಿಂದ ಭಾಗಿಸಿ. ಬಂದದ್ದು ಮೊದಲ ಫ್ರೆಟ್‌ನ ದೂರ, ನಮ್ಮ ಗಿಟಾರಿನಲ್ಲಿ 36.48 ಮಿಲಿಮೀಟರ್. ಉಳಿದ ಉದ್ದವನ್ನು ಮತ್ತೆ 17.817ರಿಂದ ಭಾಗಿಸಿದರೆ ಎರಡನೆಯ ಫ್ರೆಟ್. ಹೀಗೆ ಮುಂದುವರಿದರೆ ಐದನೆಯದು ನಟ್‌ನಿಂದ 163.05ರಲ್ಲಿ, ಏಳನೆಯದು 216.18ರಲ್ಲಿ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 325ರಲ್ಲಿ ಬರುತ್ತವೆ. ಸ್ವಂತ ಗಿಟಾರ್ ಮಾಡುವವರಿಗೆ ಒಂದು ಕಿವಿಮಾತು: ಲೆಕ್ಕ ಹೇಗಾದರೂ ಮಾಡಿ, ಗುರುತು ಹಾಕುವಾಗ ಪ್ರತಿ ಫ್ರೆಟ್ ಅನ್ನೂ ನಟ್‌ನಿಂದಲೇ ಅಳೆಯಿರಿ. ಹಿಂದಿನ ಫ್ರೆಟ್‌ನಿಂದ ಅಳೆಯುತ್ತಾ ಹೋದರೆ ಕೂದಲೆಳೆಯ ತಪ್ಪುಗಳು ಕೂಡಿಕೊಂಡು ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಕಣ್ಣಿಗೇ ಕಾಣುವಷ್ಟಾಗುತ್ತವೆ.

ಹಳೆಯ ತಯಾರಕರು 18ರಿಂದ ಭಾಗಿಸುತ್ತಿದ್ದರಂತೆ. ಅದು ತಪ್ಪು ಲೆಕ್ಕವಲ್ಲವೇ?

ಕಾಗದದ ಮೇಲೆ ತಪ್ಪು. ಗೆಲಿಲಿ ಹೇಳಿದ 18:17ರ ಹೆಜ್ಜೆ 99 ಸೆಂಟ್. ಹನ್ನೆರಡು ಹೆಜ್ಜೆಗೆ ಸ್ಥಾಯಿ 12.5 ಸೆಂಟ್ ಕಡಿಮೆ ಬೀಳುತ್ತದೆ. ಹನ್ನೆರಡನೆಯ ಫ್ರೆಟ್ 325ರ ಬದಲು 322.6ರಲ್ಲಿ ನಿಲ್ಲುತ್ತದೆ. ಆದರೆ ತಂತಿಯನ್ನು ಒತ್ತಿದಾಗ ಅದು ಹಿಗ್ಗಿ ಸ್ವರ ಕೊಂಚ ಏರುತ್ತದೆ. ಸ್ಯಾಡಲ್ ಅನ್ನು ಹಿಂದಕ್ಕೆ ಸರಿಸುವ ಪದ್ಧತಿ ಇಲ್ಲದ ಕಾಲದಲ್ಲಿ ಆ ಏರಿಕೆಯನ್ನು 18ರ ಲೆಕ್ಕದ ಇಳಿಕೆ ಬಹುಮಟ್ಟಿಗೆ ನುಂಗಿಹಾಕುತ್ತಿತ್ತು. ಆ ತಯಾರಕರನ್ನು ಗಣಿತ ಬಾರದವರೆಂದು ನಗುವವರು ಇದನ್ನು ಗಮನಿಸುವುದಿಲ್ಲ. 18ರ ಲೆಕ್ಕ ನಿಜವಾಗಿ ತೊಂದರೆ ಕೊಟ್ಟದ್ದು, ಅದೇ ಫಿಂಗರ್‌ಬೋರ್ಡಿಗೆ ಹಿಂದೆ ಸರಿಸಿದ ಸ್ಯಾಡಲ್ ಅನ್ನೂ ಜೋಡಿಸಿದಾಗ.

ಸ್ಯಾಡಲ್ ಓರೆಯಾಗಿ ಏಕಿದೆ?

ಒತ್ತಿದ ತಂತಿ ಏರುತ್ತದೆ ಎಂದೆನಲ್ಲ, ಎಲ್ಲ ತಂತಿಗಳೂ ಒಂದೇ ಸಮ ಏರುವುದಿಲ್ಲ. ತಂತಿಯ ತಿರುಳು ದಪ್ಪವಾದಷ್ಟೂ ಅದು ಬಾಗಲು ಒಲ್ಲೆ ಎನ್ನುತ್ತದೆ, ಏರಿಕೆ ಹೆಚ್ಚುತ್ತದೆ. ಅದಕ್ಕೇ ದಪ್ಪ ತಂತಿಗಳಿಗೆ ಸ್ಯಾಡಲ್ ಹಿಂದೆ ಸರಿದಿರುತ್ತದೆ. ಉಕ್ಕಿನ ತಂತಿಯ ಅಕೂಸ್ಟಿಕ್ ಗಿಟಾರಿನಲ್ಲಿ ಬಿ ತಂತಿಯ ಕೆಳಗೆ ಸ್ಯಾಡಲ್ ಮೂಳೆಯನ್ನು ಹಿಂದಕ್ಕೆ ಕೊರೆದಿರುವುದನ್ನು ನೋಡಿರಬಹುದು. ಮೈಮೇಲೆ ಸಣ್ಣ ತಂತಿಯ ಸುತ್ತು ಇಲ್ಲದ ತಂತಿಗಳಲ್ಲಿ ಬಿ ದಪ್ಪವಾದ್ದರಿಂದ ಆ ಉಪಚಾರ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಜಿ ತಂತಿಗೂ ಸುತ್ತು ಇಲ್ಲ, ಅಲ್ಲಿ ಪೆಟ್ಟು ತಿನ್ನುವುದು ಜಿ. ನೈಲಾನ್ ಗಿಟಾರಿನಲ್ಲೂ ದಪ್ಪ ನೈಲಾನಿನ ಜಿ ತಂತಿಯದ್ದೇ ಗೋಳು, ಅದನ್ನು ಕಾರ್ಬನ್ ತಂತಿಗೆ ಬದಲಿಸಿಕೊಂಡು ನೆಮ್ಮದಿ ಕಂಡವರು ಅನೇಕರು.

ಪರೀಕ್ಷೆ ಸುಲಭ. ಹನ್ನೆರಡನೆಯ ಫ್ರೆಟ್‌ನ ಹಾರ್ಮೋನಿಕ್ ಮತ್ತು ಅದೇ ಜಾಗದಲ್ಲಿ ಒತ್ತಿದ ಸ್ವರ ಎರಡನ್ನೂ ಟ್ಯೂನರ್‌ನಲ್ಲಿ ನೋಡಿ. ಒತ್ತಿದ್ದು ಏರಿದ್ದರೆ ಸ್ಯಾಡಲ್ ಅನ್ನು ಹಿಂದೆ ಸರಿಸಬೇಕು, ಇಳಿದಿದ್ದರೆ ಮುಂದೆ. ಈ ಕೆಲಸಕ್ಕೆ ಮುಂಚೆ ಹೊಸ ತಂತಿ ಹಾಕಿ. ತುಕ್ಕು, ಬೆವರು ಕುಡಿದ ಹಳೆಯ ತಂತಿಯ ತೂಕ ಉದ್ದಕ್ಕೂ ಒಂದೇ ಇರುವುದಿಲ್ಲ, ಅದರ ಮೇಲೆ ಮಾಡಿದ ಹೊಂದಾಣಿಕೆ ವ್ಯರ್ಥ.

ಹನ್ನೆರಡನೆಯ ಫ್ರೆಟ್ ಸರಿಯಿದೆ, ಆದರೆ ಮೊದಲ ಎರಡು ಮೂರು ಫ್ರೆಟ್‌ಗಳಲ್ಲಿ ಎಲ್ಲವೂ ಏರುತ್ತದೆ. ಇದೂ ಟೆಂಪರಮೆಂಟ್ ತೊಂದರೆಯೇ?

ಅಲ್ಲ. ನಟ್‌ನಲ್ಲಿ ತಂತಿ ಕೂರುವ ಕಚ್ಚುಗಳು ಎತ್ತರವಾಗಿವೆ. ದುರಸ್ತಿಗೆ ಬರುವ ಗಿಟಾರುಗಳಲ್ಲಿ, ಅದರಲ್ಲೂ ಅಗ್ಗದವುಗಳಲ್ಲಿ, ನಾನು ಅತಿ ಹೆಚ್ಚು ಕಾಣುವ ದೋಷ ಇದು. ಕಾರ್ಖಾನೆಯಲ್ಲಿ ಕಚ್ಚನ್ನು ಆಳವಾಗಿ ಕೊರೆದರೆ ತಂತಿ ಫ್ರೆಟ್‌ಗೆ ತಾಗಿ ಗುಂಯ್‌ಗುಡುತ್ತದೆ ಎಂಬ ಭಯಕ್ಕೆ ಎತ್ತರ ಬಿಟ್ಟು ಕಳಿಸುತ್ತಾರೆ. ಮೊದಲ ಫ್ರೆಟ್ ಒತ್ತಿದಾಗ ತಂತಿ ಅಷ್ಟು ಕೆಳಗಿಳಿಯಬೇಕು, ಹಿಗ್ಗಬೇಕು, ಏರಬೇಕು. ಹತ್ತಿಪ್ಪತ್ತು ಸೆಂಟ್ ಕೂಡ ಏರಬಹುದು. ಅಂದರೆ ಸಮಪಾಲಿನ ಗಾಂಧಾರದ ದೋಷಕ್ಕಿಂತ ದೊಡ್ಡದೂ ಆಗಬಹುದು.

ಪರೀಕ್ಷೆ ಹೀಗೆ: ಮೂರನೆಯ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿ ಹಿಡಿದು, ಮೊದಲ ಫ್ರೆಟ್ ಮತ್ತು ತಂತಿಯ ನಡುವಿನ ಸಂದು ನೋಡಿ. ತೆಳು ಕಾಗದದಷ್ಟು ಬೆಳಕು ಕಂಡರೆ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಅರದಿಂದ ಕಚ್ಚನ್ನು ಇಳಿಸಬೇಕು, ಆದರೆ ಕೈ ಪಳಗಿದವರಿಂದ ಮಾಡಿಸಿ. ಹೆಚ್ಚು ತೆಗೆದರೆ ಹೊಸ ನಟ್ಟೇ ಗತಿ.

ಇದನ್ನು ಸರಿಪಡಿಸಿದ ಮೇಲೂ ಅಲ್ಪಸ್ವಲ್ಪ ಏರಿಕೆ ಉಳಿಯುತ್ತದೆ. ನಟ್ ಅನ್ನೇ ಕೊಂಚ ಸ್ಯಾಡಲ್ ಕಡೆಗೆ ತಂದು, ಒಂದೊಂದು ತಂತಿಗೂ ಬೇರೆ ಬೇರೆ ಮೊನೆ ಕೊಡುವ ನಟ್‌ಗಳು ಅದಕ್ಕಾಗಿಯೇ ಇವೆ. ಇಯರ್‌ವಾನಾ ಕಂಪನಿಯದ್ದು ಇಂಥದ್ದು. ಬಜ್ ಫೈಟೆನ್ ಪದ್ಧತಿಯಲ್ಲೂ ನಟ್ ಜರುಗುತ್ತದೆ, ಜೊತೆಗೆ ಶ್ರುತಿಯಲ್ಲೂ ಚಿಕ್ಕ ತಿದ್ದುಪಡಿಗಳಿರುತ್ತವೆ. ಮೊದಲು ಕಚ್ಚಿನ ಎತ್ತರ ನೋಡದೆ ಇವುಗಳಿಗೆ ಹಣ ಸುರಿಯಬೇಡಿ.

ಎತ್ತರದ ಫ್ರೆಟ್, ದಪ್ಪ ಫ್ರೆಟ್, ಉಕ್ಕಿನ ಫ್ರೆಟ್: ಇವುಗಳಿಂದ ಶ್ರುತಿ ಕೆಡುತ್ತದೆಯೇ?

ಎತ್ತರದಿಂದ ಕೆಡಬಹುದು, ನಿಮ್ಮ ಬೆರಳು ಭಾರವಾಗಿದ್ದರೆ. ಡನ್‌ಲಪ್ 6230 ಎಂಬ ಹಳೆಯ ಶೈಲಿಯ ಫ್ರೆಟ್ ತಂತಿಯ ಎತ್ತರ 0.043 ಇಂಚು, 6105ರದ್ದು 0.055. ಕೂದಲೆಳೆಯ ವ್ಯತ್ಯಾಸ ಎನಿಸುತ್ತದೆ. ಆದರೆ ಎತ್ತರದ ಫ್ರೆಟ್‌ನಲ್ಲಿ ಬೆರಳು ಮರಕ್ಕೆ ತಾಗದೆಯೇ ಸ್ವರ ಹುಟ್ಟುತ್ತದೆ, ಅದರಾಚೆ ಒತ್ತಿದ್ದೆಲ್ಲ ಸ್ವರವನ್ನು ಏರಿಸುತ್ತದೆ. ಕಾರ್ಡ್ ಹಿಡಿಯುವಾಗ ಆರು ಬೆರಳೊತ್ತು ಆರು ಬಗೆ ಇದ್ದರೆ ಯಾವ ಟೆಂಪರಮೆಂಟೂ ಕಾಪಾಡದು. ಎತ್ತರದ ಲಾಭ, ತಂತಿ ಎಳೆಯುವುದು ಸಲೀಸು.

ಅಗಲದಿಂದ ಆಗುವುದು ಬೇರೆ. ಹೊಸದಿದ್ದಾಗ ಫ್ರೆಟ್‌ನ ಬೆನ್ನು ಉರುಟಾಗಿದ್ದು ತಂತಿ ನಡುಮಧ್ಯಕ್ಕೆ ತಾಗುತ್ತದೆ. ಸವೆದು ಚಪ್ಪಟೆಯಾದ ಮೇಲೆ ಸ್ಯಾಡಲ್ ಕಡೆಯ ಅಂಚಿಗೆ ತಾಗುತ್ತದೆ. ಅಗಲ ಫ್ರೆಟ್‌ನಲ್ಲಿ ಇದು ಒಂದು ಮಿಲಿಮೀಟರ್‌ವರೆಗೂ ಹೋಗಬಹುದು. ಒಂದು ಮಿಲಿಮೀಟರ್ ಎಂದರೆ ಹನ್ನೆರಡನೆಯ ಫ್ರೆಟ್‌ನಲ್ಲಿ ಐದು ಸೆಂಟ್, ಮೊದಲ ಫ್ರೆಟ್‌ನಲ್ಲಿ ಮೂರರ ಹತ್ತಿರ. ಬೆನ್ನನ್ನು ಮತ್ತೆ ಉರುಟು ಮಾಡಿಸಿದರೆ ಸರಿಹೋಗುತ್ತದೆ. ವಾಡಿಕೆಯ ಫ್ರೆಟ್‌ಗಳು ತಾಮ್ರ, ಸತು, ನಿಕ್ಕಲ್‌ಗಳ ಮಿಶ್ರಲೋಹ. ಹೆಸರು ನಿಕ್ಕಲ್ ಸಿಲ್ವರ್ ಆದರೂ ಬೆಳ್ಳಿಯ ಗಂಧವೂ ಇಲ್ಲ. ಸ್ಟೇನ್‌ಲೆಸ್ ಸ್ಟೀಲ್ ಅದಕ್ಕಿಂತ ಗಟ್ಟಿ, ಉರುಟು ಬೆನ್ನನ್ನು ಬಹುಕಾಲ ಉಳಿಸಿಕೊಳ್ಳುತ್ತದೆ.

ಹಾವಿನಂತೆ ಬಳುಕುವ ಫ್ರೆಟ್‌ಗಳನ್ನು ನೋಡಿದ್ದೇನೆ. ಅವು ಸಮಸ್ಯೆಯನ್ನು ಬಗೆಹರಿಸುತ್ತವೆಯೇ?

ಅವು ಸ್ವೀಡನ್ನಿನ ಟ್ರೂ ಟೆಂಪರಮೆಂಟ್ ಫ್ರೆಟ್‌ಗಳು, ರೂಪಿಸಿದವರು ಆಂಡರ್ಸ್ ಥೀಡೆಲ್. ನೇರ ಕಡ್ಡಿ ಎಲ್ಲ ತಂತಿಗಳಿಗೂ ಒಂದೇ ಹೆಜ್ಜೆ ಹಾಕಿಸುತ್ತದೆ ಎಂದೆನಲ್ಲ, ಬಳುಕುವ ಕಡ್ಡಿ ಆ ಕಟ್ಟನ್ನು ಬಿಡಿಸುತ್ತದೆ. ಒಂದೊಂದು ತಂತಿಯೂ ಒಂದೊಂದು ಫ್ರೆಟ್‌ಗೆ ತಾಗುವ ಬಿಂದುವನ್ನು ಬೇರೆ ಬೇರೆಯಾಗಿ ನಿಗದಿ ಮಾಡಬಹುದು. ತಂತಿಯ ಗಡಸುತನದಿಂದ ಬರುವ ದೋಷಗಳು ಇದರಿಂದ ನಿಜಕ್ಕೂ ಕಡಿಮೆಯಾಗುತ್ತವೆ. ಅಮೆರಿಕದ ರಾಕ್ ಗಿಟಾರ್ ವಾದಕ ಸ್ಟೀವ್ ವಾಯ್ ಇಂಥ ಗಿಟಾರ್ ನುಡಿಸಿದ್ದಾರೆ.

ಆದರೆ ಕಾಮಾ ಎಲ್ಲೂ ಹೋಗಿಲ್ಲ. ಕೆಲವು ಕೀಗಳ (ಹಾಡಿನ ಆಧಾರ ಸ್ವರಗಳ) ಗಾಂಧಾರಗಳನ್ನು ಮೆತ್ತಗೆ ಮಾಡಿದರೆ ಬೇರೆ ಕೆಲವು ಒರಟಾಗುತ್ತವೆ. ಜೊತೆಗೆ, ಈ ಬಳುಕು ಒಂದು ನಿರ್ದಿಷ್ಟ ತಂತಿ ಜೋಡಿಗೆ, ಒಂದು ನಿರ್ದಿಷ್ಟ ಶ್ರುತಿಗೆ ಲೆಕ್ಕ ಹಾಕಿದ್ದು. ತಂತಿಯ ದಪ್ಪ ಬಹಳ ಬದಲಿಸಿದರೆ ಅಥವಾ ಖಾಲಿ ತಂತಿಗಳೇ ಡಿ ಕಾರ್ಡ್ ಕೊಡುವ ಓಪನ್ ಡಿ ಶ್ರುತಿಗೆ ಹೋದರೆ ಆ ಲೆಕ್ಕ ನಿಮ್ಮದಲ್ಲ. ಸವೆದಾಗ ಮರುಜೋಡಿಸಲು ಖರ್ಚೂ ಇದೆ, ಅದನ್ನು ಬಲ್ಲ ಕೈ ಎಲ್ಲೆಡೆ ಸಿಗುವುದೂ ಇಲ್ಲ. ಸ್ಟ್ಯಾಂಡರ್ಡ್ ಶ್ರುತಿಯಲ್ಲಿ ಕಾರ್ಡ್‌ಗಳನ್ನೇ ಹೆಚ್ಚು ನುಡಿಸುವ, ಒಂದೇ ತಂತಿ ಸೆಟ್ ಬಳಸುವ ಸ್ಟುಡಿಯೋ ವಾದಕರಿಗೆ ಇದು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೀಸಣಿಗೆಯಂತೆ ಹರಡಿದ ಫ್ಯಾನ್ಡ್ ಫ್ರೆಟ್‌ಗಳು?

ಅವು ಸಮಪಾಲು ಶ್ರುತಿಯವೇ. ಒಂದೊಂದು ತಂತಿಗೂ ಬೇರೆ ಉದ್ದ, ದಪ್ಪ ತಂತಿಗೆ ಹೆಚ್ಚು, ಸಣ್ಣ ತಂತಿಗೆ ಕಡಿಮೆ. ದಪ್ಪ ತಂತಿ ಬಿಗಿಯಾಗಿ ನಿಲ್ಲುವುದರಿಂದ ಸ್ವರ ಸ್ಪಷ್ಟ. ಏಳು, ಎಂಟು ತಂತಿಯ ಗಿಟಾರುಗಳಿಗೆ ಬಹಳ ಒಳ್ಳೆಯದು. ಹೊಸ ಕಲ್ಪನೆಯೇನಲ್ಲ. ಹದಿನಾರನೆಯ ಶತಮಾನದ ಇಂಗ್ಲೆಂಡಿನ ಆರ್ಫೇರಿಯನ್ ವಾದ್ಯದಲ್ಲೇ ಇತ್ತು. ಈಗಿನ ರೂಪಕ್ಕೆ ಅಮೆರಿಕದ ರಾಲ್ಫ್ ನೊವಾಕ್ 1989ರಲ್ಲಿ ಪೇಟೆಂಟ್ ಪಡೆದರು.

ವೀಣೆಯಲ್ಲೂ ಮೆಟ್ಟಿಲುಗಳಿವೆ. ಅಲ್ಲಿ ಈ ತಕರಾರು ಏಕಿಲ್ಲ?

ಇದೆ. ಸರಸ್ವತಿ ವೀಣೆಯ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ಕಿವಿಯಿಂದ ಕೇಳಿ ಕೂರಿಸುವುದರಿಂದ ಸಾರಣಿ ತಂತಿಯ ಮೇಲೆ ಬೇಕಾದ ಸ್ವರಸ್ಥಾನ ಹಿಡಿಯಬಹುದು. ಪಕ್ಕದ ಪಂಚಮ ತಂತಿಗೆ ಬನ್ನಿ. ಸಾರಣಿಯಲ್ಲಿ 204 ಸೆಂಟ್‌ನ ಚತುಃಶ್ರುತಿ ರಿಷಭಕ್ಕೆ ಕೂರಿಸಿದ ಮೆಟ್ಟಿಲು ಪಂಚಮ ತಂತಿಯಲ್ಲಿ 906 ಸೆಂಟ್‌ನ ಧೈವತ ಕೊಡುತ್ತದೆ. 5:3ರ ಧೈವತ ಬೇಕೆಂದರೆ 884 ಇರಬೇಕಿತ್ತು. ಮತ್ತದೇ ಕಾಮಾ. ನೇರ ಮೆಟ್ಟಿಲು ಇದ್ದಲ್ಲೆಲ್ಲ ಈ ಗಂಟು ಇದ್ದೇ ಇರುತ್ತದೆ.

ಆದರೆ ವೈಣಿಕರು ಮೆಟ್ಟಿಲನ್ನು ಸ್ವರ ಎಂದುಕೊಳ್ಳುವುದಿಲ್ಲ. ಅದು ಸ್ವರ ಹೊರಡುವ ಜಾಗ. ಎತ್ತರದ ಮೆಟ್ಟಿಲುಗಳ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಮೂರು ನಾಲ್ಕು ಸ್ವರಗಳಷ್ಟು ಮೇಲೇರುತ್ತಾರೆ. ಗಮಕ ಅಲ್ಲಿಂದ ಬರುತ್ತದೆ. ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುವವರು ಇದರಿಂದ ಒಂದು ಉಪಾಯ ಕಲಿಯಬಹುದು. ಎಳೆತ ಸ್ವರವನ್ನು ಏರಿಸಬಲ್ಲುದೇ ಹೊರತು ಇಳಿಸಲಾರದು. ಅಂತರ ಗಾಂಧಾರದ ಫ್ರೆಟ್ ಮೊದಲೇ 14 ಸೆಂಟ್ ಏರಿದೆ, ಅಲ್ಲಿ ನಿಂತರೆ ತಿದ್ದಲು ದಾರಿಯಿಲ್ಲ. ಒಂದು ಫ್ರೆಟ್ ಹಿಂದೆ, ಸಾಧಾರಣ ಗಾಂಧಾರದಲ್ಲಿ ನಿಂತು ಎಳೆಯಿರಿ. ತಂಬೂರಿಯ ಗಾಂಧಾರ ಸೇರುವಲ್ಲಿ ಕಿವಿಯೇ ಬೆರಳನ್ನು ನಿಲ್ಲಿಸುತ್ತದೆ. ಸಾಧಾರಣ ಗಾಂಧಾರದ ಫ್ರೆಟ್ ಮಾತ್ರ 6:5ರ ಸ್ಥಾನಕ್ಕಿಂತ 16 ಸೆಂಟ್ ಕಡಿಮೆ, ಅದನ್ನು ಅಲ್ಲೇ ನಿಂತು ಮೆಲ್ಲಗೆ ತಳ್ಳಿದರೆ ಸಾಕು. ಬ್ಲೂಸ್ ಗಿಟಾರ್ ವಾದಕರೂ ಈ ಸ್ವರವನ್ನು ಹೀಗೆಯೇ ತಳ್ಳುತ್ತಾರೆ.

ಶಕ್ತಿ ಎಂಬ ಫ್ಯೂಷನ್ ತಂಡಕ್ಕಾಗಿ ಬ್ರಿಟಿಷ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಮಾಡಿಸಿಕೊಂಡ ಗಿಟಾರಿನಲ್ಲಿ ಫ್ರೆಟ್‌ಗಳ ನಡುವಿನ ಮರವನ್ನು ತೋಡಿ ತೆಗೆದಿದ್ದು ವೀಣೆಯಂಥ ಈ ಎಳೆತಕ್ಕಾಗಿಯೇ. ಬ್ರಿಜ್‌ಭೂಷಣ್ ಕಾಬ್ರಾ ಅವರಂಥವರು ಹವಾಯನ್ ಗಿಟಾರನ್ನು ಮಡಿಲಲ್ಲಿಟ್ಟು ಉಕ್ಕಿನ ಸರಳಿನಿಂದ ಜಾರಿಸಿ ಹಿಂದೂಸ್ತಾನಿ ನುಡಿಸಿದಾಗ ಫ್ರೆಟ್‌ನ ಪ್ರಶ್ನೆಯೇ ಉಳಿಯಲಿಲ್ಲ. ಹಾರ್ಮೋನಿಯಂಗೆ ಎಳೆತವೂ ಇಲ್ಲ, ಜಾರಿಕೆಯೂ ಇಲ್ಲ. ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಇವೂ ಇದ್ದವು.

22 ಶ್ರುತಿಗಳಿಗೂ ಒಂದೊಂದು ಫ್ರೆಟ್ ಹಾಕಿದರೆ?

ಹಾಕಬಹುದು. ನುಡಿಸುವುದು ಕಷ್ಟ. ಶ್ರುತಿಗಳು ಸಮ ದೂರದಲ್ಲಿಲ್ಲ. ಕೆಲವು ಜೋಡಿಗಳ ನಡುವೆ ಇರುವುದು ಆ 21.5 ಸೆಂಟ್ ಮಾತ್ರ. ಹನ್ನೆರಡನೆಯ ಫ್ರೆಟ್‌ನ ಹತ್ತಿರ ಅದು ನಾಲ್ಕು ಮಿಲಿಮೀಟರ್. ಬೆರಳ ತುದಿಗೂ ಅಷ್ಟು ಜಾಗ ಸಾಲದು. ಮೇಲಾಗಿ ಈ ಫ್ರೆಟ್‌ಗಳು ಒಂದು ತಂತಿಯನ್ನು ಷಡ್ಜ ಎಂದು ನಂಬಿ ಕೂರಿಸಿದವು. ಪಕ್ಕದ ತಂತಿ ಬೇರೆ ಸ್ವರಕ್ಕಿದ್ದರೆ ಅದರ ಮೇಲೆ ಎಷ್ಟೋ ಫ್ರೆಟ್‌ಗಳು ಕೆಲಸಕ್ಕೆ ಬಾರವು.

ಹಠ ಹಿಡಿದವರು ಇದ್ದರು, ಇದ್ದಾರೆ. ಬ್ರಿಟನ್ನಿನ ಥಾಮಸ್ ಪೆರೊನೆಟ್ ಥಾಂಪ್ಸನ್ 1829ರಲ್ಲಿ ಶುದ್ಧ ಸ್ವರಗಳಿಗಾಗಿ ಎನ್‌ಹಾರ್ಮೋನಿಕ್ ಗಿಟಾರ್ ಒಂದನ್ನು ರೂಪಿಸಿ ಅದರ ಕೈಪಿಡಿಯನ್ನು ಮಗಳಿಗಾಗಿ ಬರೆದ. ಬೇಕಾದ ಕಡೆ ಸಿಕ್ಕಿಸಬಲ್ಲ ಫ್ರೆಟ್ ಚೂರುಗಳು ಅದರಲ್ಲಿದ್ದವು, ವಾದ್ಯ ಮಾಡಿದ್ದು ಲಂಡನ್ನಿನ ಪನೊರ್ಮೊ. ನಮ್ಮ ಕಾಲದಲ್ಲಿ ಇಸ್ತಾಂಬುಲ್‌ನ ತೊಲ್ಗಹಾನ್ ಚೊಉಲು 2008ರಲ್ಲಿ ಮಾಡಿಸಿದ ಗಿಟಾರಿನಲ್ಲಿ ಒಂದೊಂದು ತಂತಿಯ ಕೆಳಗೂ ಕೊರೆದ ಜಾಡಿದೆ, ಚಿಕ್ಕ ಫ್ರೆಟ್‌ಗಳು ಅದರಲ್ಲಿ ಜಾರುತ್ತವೆ. ನಮ್ಮ ರಾಗಗಳನ್ನು ಹೋಲುವ ತುರ್ಕಿಯ ಮಕಾಮ್‌ಗಳಿಗೆ ಅದು ಸೊಗಸಾಗಿ ಒದಗುತ್ತದೆ. ನಿಮಗೆ ಒಂದೇ ಶ್ರುತಿಯಲ್ಲಿ, ಗಮಕ ಹೆಚ್ಚಿಲ್ಲದ ಸಂಗೀತ ನುಡಿಸುವ ಆಸೆಯಿದ್ದರೆ ಇಂಥ ವಾದ್ಯವೇ ಸರಿ.

ಮಳೆಗಾಲದಲ್ಲಿ ಫ್ರೆಟ್‌ಗಳ ಜಾಗ ಬದಲಾಗುತ್ತದೆಯೇ?

ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಮರ ತೇವ ಕುಡಿದು ಹಿಗ್ಗುವುದು ಅಡ್ಡಕ್ಕೆ. ನಮ್ಮ ಬೀಟೆ ಮರ ಜಗತ್ತಿನ ಎಷ್ಟೋ ಗಿಟಾರುಗಳ ಫಿಂಗರ್‌ಬೋರ್ಡ್. ಅದರ ಸಾಗಣೆಗೆ 2017ರಲ್ಲಿ ಅಂತರರಾಷ್ಟ್ರೀಯ ನಿರ್ಬಂಧ ಬಿದ್ದು, ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಬೀಟೆಯೂ ಕಲಬುರಗಿಯ ಬೇಸಿಗೆಯಲ್ಲಿ ಅಡ್ಡಕ್ಕೆ ಕುಗ್ಗಿ, ಫ್ರೆಟ್‌ಗಳ ತುದಿ ಹೊರಚಾಚಿ ಅಂಗೈ ಗೀರುತ್ತದೆ. ಆಗುಂಬೆ ಕಡೆಯ ಮಳೆಗಾಲದಲ್ಲಿ ಗಿಟಾರಿನ ಮುಂಭಾಗದ ಹಲಗೆ ಉಬ್ಬಿ ಸ್ಯಾಡಲ್ ಮೇಲೇಳುತ್ತದೆ, ತಂತಿ ಎತ್ತರವಾಗುತ್ತದೆ, ಒತ್ತಿದಾಗ ಹೆಚ್ಚು ಹಿಗ್ಗುತ್ತದೆ. ಶ್ರುತಿ ಕೆಡುವುದು ಆ ದಾರಿಯಲ್ಲಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ, ಬೇಸಿಗೆಗೆ ತೆಗೆಯಿರಿ.

ಕೇಪೊ (ಎಲ್ಲ ತಂತಿಗಳನ್ನೂ ಒಂದು ಫ್ರೆಟ್‌ಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿದರೆ ಯಾವ ಕೀಯಲ್ಲೂ ಒಂದೇ ಇಂಪು ಸಿಗುತ್ತದೆಯೇ?

ಸಮಪಾಲಿನ ಗುಣವೇ ಅದು: ಎಲ್ಲ ಕೀಗಳಲ್ಲೂ ಅದೇ ಇಂಪು, ಅದೇ ದೋಷ. ಆದರೆ ಕೇಪೊ ಬೆರಳಿಗಿಂತ ಗಟ್ಟಿಯಾಗಿ ಒತ್ತುತ್ತದೆ. ಫ್ರೆಟ್‌ಗೆ ಒತ್ತಿಕೊಂಡಂತೆ ಹಾಕಿ, ಬಿಗಿತ ಹೊಂದಿಸುವ ತಿರುಪಿದ್ದರೆ ಗುಂಯ್‌ಗುಡದಷ್ಟಕ್ಕೆ ಮಾತ್ರ ತಿರುಗಿಸಿ, ಮತ್ತೊಮ್ಮೆ ಟ್ಯೂನರ್ ನೋಡಿ. ಸಾಮಾನ್ಯವಾಗಿ ದಪ್ಪ ಇ ಮತ್ತು ಜಿ ಏರಿರುತ್ತವೆ.